ಬ್ಯಾಂಕಿನಿಂದ ಮೇಲ್ ಬಂದಿದೆ, ನಿಜಕ್ಕೂ ಬ್ಯಾಂಕಿನಿಂದಲೇ?

2009ರ ಅಕ್ಟೋಬರ್ 7ರಂದು ಸ್ಯಾನ್ ಫ್ರಾನ್ಸಿಸ್ಕೊದ ಕಾಮನ್‌ವೆಲ್ತ್ ಕ್ಲಬ್‌ನಲ್ಲಿ ಸೈಬರ್ ಅಪರಾಧಗಳ ಕುರಿತು ಒಂದು ಭಾಷಣವಿತ್ತು. ಅಮೆರಿಕದ ದೊಡ್ಡ ಸಂಸ್ಥೆಯೊಂದರ ಮುಖ್ಯಸ್ಥರಿಗೆ ಆದ ಅನುಭವವನ್ನು ಭಾಷಣಕಾರರು ವಿವರಿಸಿದರು. ಆ ಮುಖ್ಯಸ್ಥರಿಗೆ ತಮ್ಮ ಬ್ಯಾಂಕಿನದೇ ಎಂದು ಕಾಣುವ ಇಮೇಲ್ ಬಂದಿತ್ತು. ನೋಡಲು ಎಲ್ಲವೂ ಸರಿಯಾಗಿತ್ತು. ಕೆಲವು ವಿವರಗಳನ್ನು ಖಚಿತಪಡಿಸಿ ಎಂದು ಕೇಳಿತ್ತು. ಅದರಲ್ಲಿ ಹೇಳಿದಂತೆಯೇ ಅವರು ಮಾಡತೊಡಗಿದರು. ಇನ್ನು ಕೆಲವೇ ಕ್ಲಿಕ್ ಬಾಕಿ ಇರುವಾಗ ಏನೋ ಅನುಮಾನ ಬಂದು ಕೈ ಹಿಂತೆಗೆದರು. ಇಂಥ ಮೋಸದ ಬಗ್ಗೆ ಜನರನ್ನು ಎಚ್ಚರಿಸುವುದೇ ಅವರ ಕೆಲಸದ ದೊಡ್ಡ ಭಾಗವಾಗಿತ್ತು. ಇಷ್ಟು ಹೇಳಿದ ಭಾಷಣಕಾರರು, ಆ ಮನುಷ್ಯ ತಾನೇ ಎಂದರು. ಅವರು ಎಫ್‌ಬಿಐ ತನಿಖಾ ಸಂಸ್ಥೆಯ ಆಗಿನ ನಿರ್ದೇಶಕ ರಾಬರ್ಟ್ ಮುಲ್ಲರ್. ನಡೆದದ್ದನ್ನು ಹೆಂಡತಿಗೆ ಒಂದು ಪಾಠವೆಂಬಂತೆ ಹೇಳಹೋದಾಗ, ಅದು ನಮ್ಮಿಬ್ಬರ ದುಡ್ಡು, ಇನ್ನು ನಿಮಗೆ ಇಂಟರ್ನೆಟ್ ಬ್ಯಾಂಕಿಂಗ್ ಬೇಡ ಎಂದು ಆಕೆ ಕಡ್ಡಿ ಮುರಿದಂತೆ ಹೇಳಿದ್ದನ್ನೂ ಅವರು ಮುಚ್ಚಿಡಲಿಲ್ಲ.

ಅದೇ ದಿನ ಎಫ್‌ಬಿಐ ‘ಆಪರೇಷನ್ ಫಿಶ್ ಫ್ರೈ’ ಎಂಬ ಕಾರ್ಯಾಚರಣೆಯನ್ನು ಪ್ರಕಟಿಸಿತು. ಬ್ಯಾಂಕ್ ಆಫ್ ಅಮೆರಿಕ ಮತ್ತು ವೆಲ್ಸ್ ಫಾರ್ಗೊ ಗ್ರಾಹಕರಿಗೆ ಬ್ಯಾಂಕಿನ ಹೆಸರಲ್ಲಿ ಸುಳ್ಳು ಮೇಲ್ ಕಳಿಸಿ ಖಾತೆ ಬರಿದು ಮಾಡಿದ್ದ ಜಾಲವೊಂದನ್ನು ಭೇದಿಸಿದ ಕಾರ್ಯಾಚರಣೆಯದು. ಅಮೆರಿಕ ಮತ್ತು ಈಜಿಪ್ಟ್‌ಗಳಲ್ಲಿ ಸುಮಾರು 100 ಮಂದಿಯ ಮೇಲೆ ಆರೋಪ ಹೊರಿಸಲಾಯಿತು.

ಮುಲ್ಲರ್ ಕಥೆಯನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮೋಸ ಹೋದವರನ್ನು ನಮ್ಮಲ್ಲಿ ಮೊದಲು ಕೇಳುವ ಪ್ರಶ್ನೆ, ‘ಓದಿದವರು ನೀವು, ಅಷ್ಟೂ ಗೊತ್ತಾಗಲಿಲ್ವಾ?’ ಎಂಬುದು. ಈ ಒಂದು ಪ್ರಶ್ನೆಯ ಭಯಕ್ಕೇ ಎಷ್ಟೋ ಜನ ಮನೆಯವರಿಗೂ ಹೇಳದೆ ಒಳಗೊಳಗೇ ಕೊರಗುತ್ತಾರೆ. ದುಡ್ಡನ್ನು ತಡೆದು ನಿಲ್ಲಿಸಬಹುದಾಗಿದ್ದ ಹೊತ್ತು ಅಷ್ಟರಲ್ಲಿ ಕಳೆದುಹೋಗಿರುತ್ತದೆ. ಫಿಶಿಂಗ್ ಎಂದು ಕರೆಯುವ ಈ ಸುಳ್ಳು ಮೇಲ್‌ಗಳ ವಂಚನೆ ದಡ್ಡರಿಗಾಗಿ ಹೆಣೆದ ಬಲೆ ಎಂಬ ತಿಳಿವಳಿಕೆಯೇ ತಪ್ಪು. ಅವಸರದಲ್ಲಿರುವ, ಕಾಳಜಿಯುಳ್ಳ, ಬ್ಯಾಂಕಿನ ಮಾತನ್ನು ಗೌರವಿಸುವ ಸಾಮಾನ್ಯ ಮನುಷ್ಯನಿಗೆಂದೇ ಅದನ್ನು ಹೆಣೆದಿರುತ್ತಾರೆ.

ಒಂದು ಪತ್ರ, ಒಂದೊಂದೇ ಸಾಲು

ಇಂಥ ಮೇಲ್‌ಗಳು ನಮಗೆ ಬರುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಅವುಗಳ ಸಾಮಾನ್ಯ ಧಾಟಿಯನ್ನು ಕನ್ನಡದಲ್ಲಿ ಬರೆದರೆ ಹೀಗಿರುತ್ತದೆ:

‘ತುರ್ತು ಸೂಚನೆ: ನಿಮ್ಮ ಖಾತೆ ಇಂದು ರಾತ್ರಿ ಸ್ಥಗಿತಗೊಳ್ಳಲಿದೆ. ಮಾನ್ಯ ಗ್ರಾಹಕರೇ, ನಿಮ್ಮ ಕೆವೈಸಿ ಅವಧಿ ಮುಗಿದಿದೆ. ರಿಸರ್ವ್ ಬ್ಯಾಂಕ್ ನಿಯಮದಂತೆ 24 ಗಂಟೆಯೊಳಗೆ ಪರಿಷ್ಕರಿಸದಿದ್ದರೆ ಡೆಬಿಟ್ ಕಾರ್ಡ್ ಮತ್ತು ನೆಟ್‌ಬ್ಯಾಂಕಿಂಗ್ ಸೇವೆ ನಿಲ್ಲುತ್ತದೆ. ಕೆಳಗಿನ ಬಟನ್ ಒತ್ತಿ ಲಾಗಿನ್ ಆಗಿ. ನಿಮ್ಮ ಒಟಿಪಿಯನ್ನು ಯಾರಿಗೂ ಹೇಳಬೇಡಿ. ಇಂತಿ, ಗ್ರಾಹಕ ಸುರಕ್ಷತಾ ವಿಭಾಗ.’

ಮೊದಲ ಸಾಲಿನಲ್ಲೇ ಗಡುವಿದೆ. ಯೋಚನೆ ಮಾಡಲು, ಮಗನಿಗೆ ಫೋನ್ ಮಾಡಲು, ಮರುದಿನ ಶಾಖೆಗೆ ಹೋಗಿ ವಿಚಾರಿಸಲು ಪುರಸೊತ್ತು ಕೊಡಬಾರದು ಎಂಬುದೇ ಅದರ ಉದ್ದೇಶ. ಕೆವೈಸಿ ವಿಷಯದಲ್ಲಿ ನಿಜವಾದ ನಿಯಮ ಇಷ್ಟು ಅವಸರದ್ದಲ್ಲ. ಅಪಾಯದ ಮಟ್ಟಕ್ಕೆ ತಕ್ಕಂತೆ ಗ್ರಾಹಕರನ್ನು ವಿಂಗಡಿಸಿ 2, 8 ಅಥವಾ 10 ವರ್ಷಕ್ಕೊಮ್ಮೆ ಕೆವೈಸಿ ನವೀಕರಿಸಬೇಕೆಂದು ರಿಸರ್ವ್ ಬ್ಯಾಂಕ್ ಹೇಳುತ್ತದೆ. 2025ರ ಜೂನ್‌ನಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಗಡುವಿಗೆ ಮೊದಲು ಕನಿಷ್ಠ 3 ಬಾರಿ, ಗಡುವು ದಾಟಿದ ಮೇಲೆ ಮತ್ತೆ ಕನಿಷ್ಠ 3 ಬಾರಿ ಬ್ಯಾಂಕ್ ತಿಳಿಸಬೇಕು. ಎರಡೂ ಹಂತದಲ್ಲಿ ಒಂದು ಸೂಚನೆಯಾದರೂ ಕಾಗದದ ಪತ್ರವಾಗಿ ಮನೆಗೆ ಬರಬೇಕು. ಇಷ್ಟು ತಿಳಿದಿದ್ದರೆ ಸಾಕು, ‘ಇಂದು ರಾತ್ರಿ’ ಎಂಬ ಬೆದರಿಕೆ ತಾನಾಗಿಯೇ ಸಪ್ಪೆಯಾಗುತ್ತದೆ.

ಎರಡನೆಯದು ‘ಮಾನ್ಯ ಗ್ರಾಹಕರೇ’ ಎಂಬ ಸಂಬೋಧನೆ. ನಿಮ್ಮ ಬ್ಯಾಂಕಿಗೆ ನಿಮ್ಮ ಹೆಸರು ಗೊತ್ತು. ಲಕ್ಷಾಂತರ ಜನರಿಗೆ ಒಟ್ಟಿಗೆ ಮೇಲ್ ಎಸೆಯುವವನಿಗೆ ಗೊತ್ತಿರುವುದಿಲ್ಲ. ಹಾಗೆಂದು ಹೆಸರಿದ್ದ ಮಾತ್ರಕ್ಕೆ ನಂಬುವಂತಿಲ್ಲ. ಎಲ್ಲೆಲ್ಲಿಂದಲೋ ಸೋರಿದ ಪಟ್ಟಿಗಳಲ್ಲಿ ಹೆಸರು, ಮೊಬೈಲ್ ಸಂಖ್ಯೆ, ಕೆಲವೊಮ್ಮೆ ಕಾರ್ಡಿನ ಕೊನೆಯ 4 ಅಂಕಿಗಳೂ ಸಿಗುತ್ತವೆ. ಹೆಸರಿಲ್ಲದಿರುವುದು ಅನುಮಾನಕ್ಕೆ ಕಾರಣ. ಹೆಸರಿರುವುದು ನಂಬಿಕೆಗೆ ಕಾರಣವಾಗಬಾರದು.

ಮೂರನೆಯದು ಭಯ ಹುಟ್ಟಿಸುವ ಹೆಸರುಗಳ ಬಳಕೆ: ರಿಸರ್ವ್ ಬ್ಯಾಂಕ್, ಆದಾಯ ತೆರಿಗೆ ಇಲಾಖೆ, ಪ್ಯಾನ್, ಆಧಾರ್. ಭಯ ಕೆಲಸ ಮಾಡದ ಕಡೆ ಆಸೆ ಬರುತ್ತದೆ: ‘ನಿಮ್ಮ ರಿವಾರ್ಡ್ ಪಾಯಿಂಟ್‌ಗಳು ಇಂದು ಮುಗಿಯುತ್ತವೆ’, ‘ತೆರಿಗೆ ಮರುಪಾವತಿ ಸಿದ್ಧವಾಗಿದೆ’. ಧಾಟಿ ಬೇರೆಯಾದರೂ ಕೊನೆಗೆ ಒತ್ತಬೇಕಾದ ಬಟನ್ ಒಂದೇ.

ನಾಲ್ಕನೆಯದು ನನಗೆ ಅತ್ಯಂತ ಕ್ರೂರವಾಗಿ ಕಾಣುವ ಸಾಲು: ‘ಒಟಿಪಿಯನ್ನು ಯಾರಿಗೂ ಹೇಳಬೇಡಿ.’ ಬ್ಯಾಂಕುಗಳು ವರ್ಷಗಟ್ಟಲೆ ಹೇಳಿ ಹೇಳಿ ನಮ್ಮ ಕಿವಿಗೆ ಹಾಕಿದ ಎಚ್ಚರಿಕೆಯನ್ನೇ ಕಳ್ಳ ತನ್ನ ಪತ್ರದ ಬುಡದಲ್ಲಿ ಅಂಟಿಸುತ್ತಾನೆ. ಲಾಂಛನ, ಬಣ್ಣ, ಕಚೇರಿಯ ವಿಳಾಸ, ಕೊನೆಯ ಸಣ್ಣಕ್ಷರದ ಸಾಲುಗಳು ಎಲ್ಲವನ್ನೂ ಅಸಲಿ ಮೇಲ್‌ನಿಂದ ಎತ್ತಿಕೊಂಡಿರುತ್ತಾನೆ. ಎಷ್ಟೋ ನಕಲಿ ಮೇಲ್‌ಗಳಲ್ಲಿ ಒಂದೇ ಒಂದು ಬಟನ್ ಬಿಟ್ಟು ಉಳಿದ ಲಿಂಕ್‌ಗಳೆಲ್ಲ ಅಸಲಿ ಬ್ಯಾಂಕಿಗೇ ಹೋಗುತ್ತವೆ. ಪತ್ರದ ಅಂದಚಂದವನ್ನು ನೋಡಿ ಅದರ ಸಾಚಾತನ ಅಳೆಯುವುದು ಇದೇ ಕಾರಣಕ್ಕೆ ವ್ಯರ್ಥ.

ಕಾಗುಣಿತ ತಪ್ಪು ಹುಡುಕುವ ಸಲಹೆ

ನಕಲಿ ಮೇಲ್‌ನಲ್ಲಿ ಕಾಗುಣಿತ, ವ್ಯಾಕರಣದ ತಪ್ಪು ಇರುತ್ತದೆ, ಅದನ್ನು ಗಮನಿಸಿ ಎಂಬ ಸಲಹೆ ಬಹಳ ಹಳೆಯದು. ಈ ಸಲಹೆ ಇಂಗ್ಲಿಷನ್ನು ಮನೆಮಾತಾಗಿ ಆಡುವವರಿಗೆ ಹೊಳೆದದ್ದು. ನಿವೃತ್ತ ಪ್ರಾಥಮಿಕ ಶಾಲಾ ಮೇಷ್ಟರಿಗೆ, ಪಿಂಚಣಿ ಖಾತೆಯಿರುವ ಅಂಗನವಾಡಿ ಕಾರ್ಯಕರ್ತೆಗೆ, ಅಡಕೆ ಮಂಡಿಯ ಲೆಕ್ಕ ಬರೆಯುವವರಿಗೆ ಆ ತಪ್ಪು ಕಾಣಿಸುವುದು ಹೇಗೆ? ಅವರಿಗೆ ಇಂಗ್ಲಿಷ್ ಪತ್ರವೆಂದರೇ ಅಧಿಕಾರದ ಪತ್ರ. ಅರ್ಥವಾಗದಿದ್ದಷ್ಟೂ ಭಯ ಜಾಸ್ತಿ. ‘ಇಂಗ್ಲಿಷಿನಲ್ಲಿದೆ, ಬ್ಯಾಂಕಿನ ಮುದ್ರೆ ಇದೆ, ಅಂದಮೇಲೆ ಸರಿಯೇ ಇರಬೇಕು’ ಎಂಬುದು ನಮ್ಮ ಊರುಗಳ ಸಹಜ ತರ್ಕ.

ಈಗ ಇಂಗ್ಲಿಷ್ ಬಲ್ಲವರಿಗೂ ಆ ಸಲಹೆ ಕೈಕೊಟ್ಟಿದೆ. ಕೃತಕ ಬುದ್ಧಿಮತ್ತೆಯ ಸಾಧನಗಳು ಯಾವ ಭಾಷೆಯಲ್ಲಿ ಬೇಕಾದರೂ ತಪ್ಪಿಲ್ಲದ, ವಿನಯದ ಪತ್ರವನ್ನು ಕ್ಷಣದಲ್ಲಿ ಬರೆದುಕೊಡುತ್ತವೆ. ಅಚ್ಚ ಕನ್ನಡದಲ್ಲೇ ನಕಲಿ ಪತ್ರ ಬಂದರೂ ಆಶ್ಚರ್ಯಪಡಬೇಕಿಲ್ಲ. ತಪ್ಪಿದ್ದರೆ ಅನುಮಾನಿಸಿ, ಸರಿ, ತಪ್ಪಿಲ್ಲವೆಂದು ನಿಶ್ಚಿಂತರಾಗಬೇಡಿ.

ಹೆಸರು ಬದಲಾಯಿಸಿದ ನಮ್ಮ ಬ್ಯಾಂಕುಗಳು

ಕರ್ನಾಟಕದ ಗ್ರಾಹಕರಿಗೆ ಇನ್ನೊಂದು ತೊಡಕಿದೆ. ನಮ್ಮ ನೆಲದಲ್ಲೇ ಹುಟ್ಟಿ ಬೆಳೆದ ಬ್ಯಾಂಕುಗಳು ಒಂದರ ಹಿಂದೊಂದರಂತೆ ಹೆಸರು ಕಳೆದುಕೊಂಡಿವೆ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐಯಲ್ಲಿ ಸೇರಿತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದ ಪಾಲಾಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ವಿಲೀನವಾದವು. 2025ರ ಮೇ 1ರಿಂದ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಸೇರಿ ಒಂದಾದವು.

ಪ್ರತಿ ವಿಲೀನದಲ್ಲೂ ಐಎಫ್‌ಎಸ್‌ಸಿ ಬದಲಾಯಿತು, ಚೆಕ್‌ಬುಕ್ ಬದಲಾಯಿತು, ಆ್ಯಪ್ ಬದಲಾಯಿತು, ಜಾಲತಾಣದ ವಿಳಾಸ ಬದಲಾಯಿತು. ಪ್ರತಿ ಬಾರಿಯೂ ‘ವಿವರ ಪರಿಷ್ಕರಿಸಿ’ ಎಂಬ ನಿಜವಾದ ಸೂಚನೆಗಳೇ ಬಂದವು. ಹೀಗೆ ಪರಿಷ್ಕರಿಸಿ ಪರಿಷ್ಕರಿಸಿ ಅಭ್ಯಾಸವಾದ ಗ್ರಾಹಕನಿಗೆ ಮತ್ತೊಂದು ಅಂಥದೇ ಸೂಚನೆ ಬಂದರೆ ಅನುಮಾನ ಬರುವುದು ಕಷ್ಟ. ಬದಲಾವಣೆಯ ಕಾಲವೇ ಕಳ್ಳನ ಸುಗ್ಗಿಕಾಲ. ಬ್ಯಾಂಕ್ ಏನಾದರೂ ಬದಲಾಯಿಸುತ್ತಿದೆ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದ ವಾರಗಳಲ್ಲಿ ಮೇಲ್‌ಗಳ ಬಗ್ಗೆ ಎಂದಿಗಿಂತ ಹೆಚ್ಚು ಹುಷಾರಾಗಿರಬೇಕು.

ಕಳಿಸಿದವರ ಹೆಸರು ನಂಬಬಹುದೇ?

ಮೇಲ್‌ನ ಮೇಲ್ಭಾಗದಲ್ಲಿ ಬ್ಯಾಂಕಿನ ಹೆಸರೇ ಇರುತ್ತದಲ್ಲ ಎಂದು ಹಲವರು ಕೇಳುತ್ತಾರೆ. ಅಂಚೆ ಲಕೋಟೆಯ ಮೇಲೆ ‘ಇಂದ’ ಎಂಬಲ್ಲಿ ಯಾರು ಯಾರ ಹೆಸರನ್ನು ಬೇಕಾದರೂ ಬರೆಯಬಹುದಲ್ಲವೇ? ಇಮೇಲ್‌ನಲ್ಲೂ ಹಾಗೆಯೇ. ಇಮೇಲ್ ರವಾನೆಯ ಮೂಲ ನಿಯಮಗಳನ್ನು ಕಂಪ್ಯೂಟರ್ ವಿಜ್ಞಾನಿ ಜಾನ್ ಪೋಸ್ಟೆಲ್ 1982ರಲ್ಲಿ ಬರೆದಾಗ ಅಂತರ್ಜಾಲ ಬಳಸುತ್ತಿದ್ದವರು ಪರಸ್ಪರ ನಂಬಿಕೆಯ ಸಂಶೋಧಕರು. ಕಳಿಸಿದವನು ನಿಜಕ್ಕೂ ಅವನೇ ಎಂದು ಪರೀಕ್ಷಿಸುವ ಏರ್ಪಾಡು ಅದರಲ್ಲಿರಲಿಲ್ಲ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಪರೀಕ್ಷೆಗಳನ್ನು ಆಮೇಲೆ ಸೇರಿಸಲಾಯಿತು. ದಿನಕ್ಕೆ ಸಾವಿರಾರು ಮೇಲ್ ಕಳಿಸುವ ಸಂಸ್ಥೆಗಳು ಇವನ್ನು ಪಾಲಿಸಲೇಬೇಕೆಂದು ಗೂಗಲ್ ಮತ್ತು ಯಾಹೂ ಕಡ್ಡಾಯ ಮಾಡಿದ್ದು 2024ರ ಫೆಬ್ರುವರಿಯಿಂದ.

ಫೋನಿನಲ್ಲಿ ಮೇಲ್ ತೆರೆದಾಗ ಕಾಣುವುದು ಹೆಸರು ಮಾತ್ರ, ವಿಳಾಸ ಮಡಿಕೆಯೊಳಗೆ ಅಡಗಿರುತ್ತದೆ. ಹೆಸರಿನ ಮೇಲೆ ಬೆರಳಿಟ್ಟರೆ ಪೂರ್ತಿ ವಿಳಾಸ ತೆರೆದುಕೊಳ್ಳುತ್ತದೆ. ‘ಅಟ್’ ಚಿಹ್ನೆಯ ನಂತರ ಇರುವುದೇ ಮುಖ್ಯ. ಅಲ್ಲಿ ಜಿಮೇಲ್ ಡಾಟ್ ಕಾಮ್ ಎಂದೋ, ನೀವೆಂದೂ ಕೇಳಿರದ ಯಾವುದೋ ಕಂಪನಿಯ ಹೆಸರೋ ಇದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ. ಕಂಪ್ಯೂಟರಿನಲ್ಲಿ ಜಿಮೇಲ್ ಬಳಸುವವರು ಮೂರು ಚುಕ್ಕೆಯ ಮೆನುವಿನಲ್ಲಿ ‘ಶೋ ಒರಿಜಿನಲ್’ ಒತ್ತಿದರೆ ಮೇಲಿನ ಮೂರು ಪರೀಕ್ಷೆಗಳ ಫಲಿತಾಂಶ ಕಾಣುತ್ತದೆ. ‘ಫೇಲ್’ ಎಂದಿದ್ದರೆ ಆ ಮೇಲ್‌ಗೆ ಅಲ್ಲೇ ಪೂರ್ಣವಿರಾಮ. ‘ಪಾಸ್’ ಎಂದಿದ್ದರೆ ಮೇಲ್ ಆ ವಿಳಾಸದಿಂದಲೇ ಬಂದಿದೆ ಎಂದಷ್ಟೇ ಅರ್ಥ. ವಿಳಾಸವೇ ಕಳ್ಳನದ್ದಾಗಿದ್ದರೂ ಪರೀಕ್ಷೆ ಪಾಸಾಗುತ್ತದೆ.

ವಿಳಾಸವನ್ನು ಹಿಂದಿನಿಂದ ಓದಿ

2006ರಲ್ಲಿ ಹಾರ್ವರ್ಡ್‌ನ ರಚನಾ ಧಮೀಜಾ, ಬರ್ಕ್ಲಿಯ ಡಗ್ ಟೈಗರ್ ಮತ್ತು ಮಾರ್ಟಿ ಹರ್ಸ್ಟ್ ಒಂದು ಅಧ್ಯಯನ ಪ್ರಕಟಿಸಿದರು. 22 ಜನರಿಗೆ 20 ಜಾಲತಾಣಗಳನ್ನು ತೋರಿಸಿ ಅಸಲಿ ಯಾವುದು, ನಕಲಿ ಯಾವುದು ಗುರುತಿಸಿ ಎಂದರು. ನಕಲಿ ಇರುತ್ತವೆ ಎಂದು ಮೊದಲೇ ಹೇಳಿದ್ದರೂ ಅತ್ಯಂತ ಚೆನ್ನಾಗಿ ಮಾಡಿದ್ದ ನಕಲಿ ತಾಣ ಶೇ 90ರಷ್ಟು ಮಂದಿಯನ್ನು ಏಮಾರಿಸಿತು. ಅದು ‘ಬ್ಯಾಂಕ್ ಆಫ್ ದಿ ವೆಸ್ಟ್’ ಎಂಬ ಬ್ಯಾಂಕಿನ ನಕಲು. ವಿಳಾಸದಲ್ಲಿ ಇಂಗ್ಲಿಷಿನ ‘ಡಬ್ಲ್ಯು’ ಅಕ್ಷರದ ಜಾಗದಲ್ಲಿ ಎರಡು ‘ವಿ’ ಅಕ್ಷರಗಳನ್ನು ಒತ್ತೊತ್ತಾಗಿ ಇಟ್ಟಿದ್ದರು, ಅಷ್ಟೇ. ಭಾಗವಹಿಸಿದವರಲ್ಲಿ ಶೇ 23ರಷ್ಟು ಮಂದಿ ವಿಳಾಸದ ಪಟ್ಟಿಯತ್ತ ಕಣ್ಣೇ ಹಾಯಿಸಿರಲಿಲ್ಲ. ಪುಟದ ರೂಪ ನೋಡಿಯೇ ತೀರ್ಮಾನಿಸಿದ್ದರು.

ಕಳ್ಳರ ಈ ವಿದ್ಯೆ ಈಗಲೂ ಅದೇ. ‘ಆರ್’ ಮತ್ತು ‘ಎನ್’ ಸೇರಿಸಿ ‘ಎಂ’ನಂತೆ ಕಾಣಿಸುತ್ತಾರೆ. ‘ಎಲ್’ ಬದಲಿಗೆ 1 ಎಂಬ ಅಂಕಿ, ‘ಒ’ ಬದಲಿಗೆ ಸೊನ್ನೆ ಇಡುತ್ತಾರೆ. ರಷ್ಯನ್ ಲಿಪಿಯ ‘ಎ’ ಅಕ್ಷರ ನೋಡಲು ಇಂಗ್ಲಿಷಿನ ‘ಎ’ಯಂತೆಯೇ ಇರುವುದನ್ನೂ ಬಳಸಿಕೊಂಡಿದ್ದಾರೆ. ಬರಿಗಣ್ಣಿಗೆ ವ್ಯತ್ಯಾಸ ಸಿಗುವುದಿಲ್ಲ.

ಭಾರತದ ಮಟ್ಟಿಗೆ ಒಂದು ಒಳ್ಳೆಯ ಬದಲಾವಣೆ ಬಂದಿದೆ. 2025ರ ಫೆಬ್ರುವರಿ 7ರಂದು ರಿಸರ್ವ್ ಬ್ಯಾಂಕ್ ಗವರ್ನರ್ ಸಂಜಯ್ ಮಲ್ಹೋತ್ರಾ ದೇಶದ ಬ್ಯಾಂಕುಗಳಿಗೆಂದೇ ‘ಬ್ಯಾಂಕ್ ಡಾಟ್ ಇನ್’ ಎಂಬ ಪ್ರತ್ಯೇಕ ಜಾಲವಲಯವನ್ನು ಘೋಷಿಸಿದರು. ಅದರೊಳಗೆ ಹೆಸರು ನೋಂದಾಯಿಸುವ ಅಧಿಕಾರ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ತಮ್ಮ ಜಾಲತಾಣಗಳನ್ನು ಅಲ್ಲಿಗೆ ಒಯ್ಯಬೇಕೆಂದು ಸೂಚಿಸಲಾಯಿತು. ಎಸ್‌ಬಿಐಯ ತಾಣ ಈಗ ‘ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಇನ್’. ಎಚ್‌ಡಿಎಫ್‌ಸಿಯದು ‘ಎಚ್‌ಡಿಎಫ್‌ಸಿ ಡಾಟ್ ಬ್ಯಾಂಕ್ ಡಾಟ್ ಇನ್’.

ಇಂಥ ವಿಳಾಸವನ್ನು ಓದುವ ಕ್ರಮವೊಂದಿದೆ. ‘ಎಚ್‌ಟಿಟಿಪಿಎಸ್’ ನಂತರದ ಜೋಡಿ ಓರೆಗೀಟನ್ನು ಬಿಟ್ಟು ಮುಂದೆ ಬರುವ ಮೊದಲ ಒಂಟಿ ಓರೆಗೀಟನ್ನು ಹುಡುಕಿ. ಅಲ್ಲಿಂದ ಹಿಂದಕ್ಕೆ, ಅಂದರೆ ಬಲದಿಂದ ಎಡಕ್ಕೆ ಓದಿ. ಮೊದಲು ‘ಇನ್’, ಆಮೇಲೆ ಚುಕ್ಕೆ, ಆಮೇಲೆ ‘ಬ್ಯಾಂಕ್’, ಮತ್ತೆ ಚುಕ್ಕೆ, ನಂತರ ನಿಮ್ಮ ಬ್ಯಾಂಕಿನ ಹೆಸರು ಬರಬೇಕು. ‘ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಇನ್ ಡಾಟ್ ಇನ್ಯಾವುದೋ ಹೆಸರು ಡಾಟ್ ಕಾಮ್’ ಎಂದಿದ್ದರೆ ಅದರ ಒಡೆಯ ಆ ‘ಇನ್ಯಾವುದೋ ಹೆಸರು’. ಅದರ ಎಡಕ್ಕೆ ಏನೇ ಬರೆದಿದ್ದರೂ ಬರೀ ಅಲಂಕಾರ. ಚುಕ್ಕೆಯ ಜಾಗದಲ್ಲಿ ಅಡ್ಡಗೀಟಿದ್ದರೂ ಅದು ಆ ವಲಯಕ್ಕೆ ಸೇರಿದ್ದಲ್ಲ. ಒಂದು ಚುಕ್ಕೆ, ಒಂದು ಅಡ್ಡಗೀಟು, ಇಷ್ಟರ ನಡುವೆ ಜೀವಮಾನದ ಉಳಿತಾಯ ನಿಂತಿರುತ್ತದೆ.

ಬೀಗದ ಗುರುತು, ಒಟಿಪಿಯ ಧೈರ್ಯ

ವಿಳಾಸದ ಪಕ್ಕದ ಪುಟ್ಟ ಬೀಗದ ಚಿತ್ರ ಕಂಡರೆ ಸುರಕ್ಷಿತ ಎಂದು ಒಂದು ಕಾಲದಲ್ಲಿ ನಮಗೆಲ್ಲ ಹೇಳಿಕೊಡಲಾಗಿತ್ತು. ನಿಮ್ಮ ಮತ್ತು ಆ ತಾಣದ ನಡುವಿನ ಮಾತುಕತೆಯನ್ನು ಮೂರನೆಯವರು ಕದ್ದು ಕೇಳಲಾರರು ಎಂದಷ್ಟೇ ಅದರ ಅರ್ಥ. ಆ ಕಡೆ ಇರುವುದು ಬ್ಯಾಂಕೋ ಕಳ್ಳನೋ ಎಂಬುದನ್ನು ಬೀಗ ಹೇಳುವುದಿಲ್ಲ. ಬೀಗಕ್ಕೆ ಬೇಕಾದ ಪ್ರಮಾಣಪತ್ರ ಈಗ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. 2021ರಲ್ಲಿ ಗೂಗಲ್ ನಡೆಸಿದ ಅಧ್ಯಯನದಲ್ಲಿ ಬೀಗದ ಸರಿಯಾದ ಅರ್ಥ ಗೊತ್ತಿದ್ದವರು ಶೇ 11 ಮಂದಿ ಮಾತ್ರ. ಕೊನೆಗೆ 2023ರ ಸೆಪ್ಟೆಂಬರ್‌ನಲ್ಲಿ ಕ್ರೋಮ್ ಬ್ರೌಸರ್ ಆ ಚಿತ್ರವನ್ನೇ ತೆಗೆದುಹಾಕಿತು.

‘ಪಾಸ್‌ವರ್ಡ್ ಹೋದರೇನಂತೆ, ಒಟಿಪಿ ನನ್ನ ಫೋನಿಗೇ ಬರಬೇಕಲ್ಲ’ ಎಂಬುದು ಇನ್ನೊಂದು ಧೈರ್ಯ. ನಕಲಿ ಪುಟದ ಹಿಂದೆ ಕೂತವನು ಇದಕ್ಕೂ ಸಿದ್ಧನಾಗಿರುತ್ತಾನೆ. ನೀವು ನಕಲಿ ಪುಟದಲ್ಲಿ ಬರೆದ ಯೂಸರ್ ಐಡಿ ಮತ್ತು ಪಾಸ್‌ವರ್ಡನ್ನು ಅದೇ ಕ್ಷಣ ಅಸಲಿ ತಾಣದಲ್ಲಿ ಹಾಕುತ್ತಾನೆ. ಅಸಲಿ ಬ್ಯಾಂಕ್ ನಿಮಗೆ ಅಸಲಿ ಒಟಿಪಿಯನ್ನೇ ಕಳಿಸುತ್ತದೆ. ನಕಲಿ ಪುಟ ಅದನ್ನೂ ಕೇಳುತ್ತದೆ. ನೀವು ತುಂಬುತ್ತೀರಿ, ಅವನು ಅತ್ತ ಒತ್ತುತ್ತಾನೆ. ಯಾರಿಗೂ ಬಾಯಿಬಿಟ್ಟು ಹೇಳಿಲ್ಲ ಎಂದೇ ನೀವು ತಿಳಿದಿರುತ್ತೀರಿ, ದುಡ್ಡು ಮಾತ್ರ ಹೋಗಿರುತ್ತದೆ. ಒಟಿಪಿ ಬಂದ ಎಸ್‌ಎಂಎಸ್ಸಿನಲ್ಲಿ ಅಂಕಿ ಮಾತ್ರ ಇರುವುದಿಲ್ಲ. ಅದು ಯಾವ ಕೆಲಸಕ್ಕೆ, ಎಷ್ಟು ಮೊತ್ತಕ್ಕೆ ಎಂದೂ ಸಾಮಾನ್ಯವಾಗಿ ಬರೆದಿರುತ್ತದೆ. ಕೆವೈಸಿಗೆಂದು ಹೊರಟವರಿಗೆ ಬಂದ ಎಸ್‌ಎಂಎಸ್ಸಿನಲ್ಲಿ ಹೊಸ ಫಲಾನುಭವಿಯನ್ನು ಸೇರಿಸುವ ಮಾತಿದ್ದರೆ, ಹಣ ವರ್ಗಾವಣೆಯ ಮೊತ್ತವಿದ್ದರೆ, ತಕ್ಷಣ ಎಲ್ಲವನ್ನೂ ನಿಲ್ಲಿಸಬೇಕು. ಅಂಕಿಗೆ ಮೊದಲು ವಾಕ್ಯ ಓದುವ ಈ ಒಂದು ಅಭ್ಯಾಸ ದೊಡ್ಡ ಅನಾಹುತವನ್ನು ತಪ್ಪಿಸಬಲ್ಲದು.

ಲಗತ್ತಿಸಿದ ಕಡತಗಳ ಬಗ್ಗೆಯೂ ಎಚ್ಚರ ಬೇಕು. ಬ್ಯಾಂಕುಗಳು ಪಾಸ್‌ವರ್ಡ್ ಹಾಕಿದ ಪಿಡಿಎಫ್ ಸ್ಟೇಟ್‌ಮೆಂಟ್ ಕಳಿಸುವುದು ರೂಢಿ. ಅದೇ ವೇಷದಲ್ಲಿ ಎಚ್‌ಟಿಎಂಎಲ್ ಕಡತ ಬಂದರೆ, ತೆರೆದ ಕೂಡಲೇ ಲಾಗಿನ್ ಪುಟ ಕಾಣಿಸಿದರೆ, ಅದು ಬಲೆಯೇ. ‘ಎಪಿಕೆ’ ಎಂದು ಕೊನೆಗೊಳ್ಳುವ ಕಡತವನ್ನು ಕೆವೈಸಿ ಆ್ಯಪ್ ಎಂದು ಕಳಿಸಿದರೆ ಮುಟ್ಟಲೇಬೇಡಿ. ಮೇಲ್‌ನೊಳಗೆ ಕ್ಯುಆರ್ ಕೋಡ್ ಇಟ್ಟು ಸ್ಕ್ಯಾನ್ ಮಾಡಿ ಎನ್ನುವುದೂ ಲಿಂಕಿನ ಇನ್ನೊಂದು ರೂಪವಷ್ಟೇ. ‘ಸರ್, ಮೇಲ್ ನೋಡಿದ್ರಾ?’ ಎಂದು ಹಿಂದೆಯೇ ಫೋನ್ ಬಂದರೆ ಅನುಮಾನ ಇಮ್ಮಡಿಯಾಗಲಿ.

ನಮ್ಮ ದಾರಿಯಲ್ಲೇ ಬ್ಯಾಂಕಿಗೆ ಹೋಗೋಣ

ಇಷ್ಟೆಲ್ಲ ಗುರುತುಗಳನ್ನು ನೆನಪಿಟ್ಟುಕೊಳ್ಳುವುದು ಯಾರಿಗೂ ಸುಲಭವಲ್ಲ. ಕೆಲಸದ ಗಡಿಬಿಡಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಮೇಲ್ ನೋಡುವವರು ವಿಳಾಸದ ಚುಕ್ಕೆಗಳನ್ನು ಎಣಿಸುತ್ತ ಕೂರಲಾರರು. ಆದ್ದರಿಂದ ಗುರುತಿಸುವ ಜಾಣತನಕ್ಕಿಂತ ಒಂದು ಪದ್ಧತಿ ಹೆಚ್ಚು ಕಾಪಾಡುತ್ತದೆ. ಮೇಲ್ ಅಸಲಿಯೇ ಆಗಿರಲಿ, ನಕಲಿಯೇ ಆಗಿರಲಿ, ಅದರೊಳಗಿನ ಲಿಂಕ್ ಹಿಡಿದು ಬ್ಯಾಂಕಿಗೆ ಹೋಗುವುದಿಲ್ಲ ಎಂದು ಒಮ್ಮೆ ತೀರ್ಮಾನಿಸಿಬಿಡಿ. ಆಗ ಯಾವ ಪತ್ರದ ಮೇಲೂ ತೀರ್ಪು ಕೊಡುವ ಹೊರೆ ನಿಮ್ಮ ಮೇಲೆ ಇರುವುದಿಲ್ಲ.

ಈ ಪದ್ಧತಿ ಮನೆಯಲ್ಲಿ ಹೀಗಿರಲಿ:

1. ಮೇಲ್ ಓದಿ, ಮುಚ್ಚಿ. ಬ್ಯಾಂಕಿನ ಆ್ಯಪ್ ತೆರೆಯಿರಿ ಅಥವಾ ವಿಳಾಸವನ್ನು ನೀವೇ ಟೈಪ್ ಮಾಡಿ. ನಿಜವಾದ ಸೂಚನೆಯಾಗಿದ್ದರೆ ಸಾಮಾನ್ಯವಾಗಿ ಅಲ್ಲಿಯೂ ಇರುತ್ತದೆ.

2. ಫೋನ್ ಮಾಡುವುದಾದರೆ ಡೆಬಿಟ್ ಕಾರ್ಡಿನ ಹಿಂಬದಿಯಲ್ಲಿ ಅಥವಾ ಪಾಸ್‌ಬುಕ್ಕಿನಲ್ಲಿ ಇರುವ ಸಂಖ್ಯೆಗೆ ಮಾಡಿ. ಮೇಲ್‌ನಲ್ಲಿ ಕೊಟ್ಟ ಸಂಖ್ಯೆಗೂ ಬೇಡ, ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಸಂಖ್ಯೆಗೂ ಬೇಡ.

3. ಸಾಧ್ಯವಿದ್ದರೆ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ಅದು ಪುಟದ ಬಣ್ಣ ನೋಡುವುದಿಲ್ಲ, ವಿಳಾಸವನ್ನಷ್ಟೇ ನೋಡುತ್ತದೆ. ಎರಡು ‘ವಿ’ ಜೋಡಿಸಿದ ತಾಣದಲ್ಲಿ ಅದು ಪಾಸ್‌ವರ್ಡ್ ತುಂಬಲು ಮುಂದಾಗುವುದೇ ಇಲ್ಲ.

4. ಇಮೇಲ್ ಖಾತೆಗೂ ಎರಡು ಹಂತದ ಪರಿಶೀಲನೆ ಇರಲಿ. ಇಮೇಲ್ ಕಳ್ಳನ ಕೈಗೆ ಹೋದರೆ ಉಳಿದ ಪಾಸ್‌ವರ್ಡ್‌ಗಳನ್ನು ಬದಲಿಸುವುದು ಅವನಿಗೆ ಸಲೀಸು.

5. ನಿತ್ಯದ ವಹಿವಾಟಿಗೆ ಒಂದು ಚಿಕ್ಕ ಖಾತೆ, ಉಳಿತಾಯಕ್ಕೆ ಬೇರೆ ಖಾತೆ ಇಟ್ಟುಕೊಳ್ಳಿ. ವರ್ಗಾವಣೆಯ ಮಿತಿಯನ್ನು ಕಡಿಮೆ ಮಾಡಿಡಿ.

ಮಂಗಳೂರು, ಉಡುಪಿ, ಭಟ್ಕಳಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ಹೋದವರಿಗೆ ಇದು ಇನ್ನೂ ಮುಖ್ಯ. ಊರಿನ ಶಾಖೆಗೆ ಹೋಗಿ ಕೇಳುವ ಅನುಕೂಲ ಅವರಿಗಿಲ್ಲ. ಖಾತೆಯ ಸಂಬಂಧವೆಲ್ಲ ಇಮೇಲ್ ಮತ್ತು ಆ್ಯಪ್ ಮೂಲಕವೇ ನಡೆಯಬೇಕು.

ಕೈ ಜಾರಿಬಿಟ್ಟರೆ

ವಿವರ ಕೊಟ್ಟಾಗಿದೆ, ದುಡ್ಡು ಹೋಗಿದೆ. ಆಗ ಮೊದಲು ಮಾಡಬೇಕಾದ್ದು 1930ಕ್ಕೆ ಕರೆ. ಕೇಂದ್ರ ಗೃಹ ಸಚಿವಾಲಯದ ಸೈಬರ್ ವಂಚನೆ ಸಹಾಯವಾಣಿ ಇದು. ಹೋದ ದುಡ್ಡು ನೇರವಾಗಿ ಕಳ್ಳನ ಜೇಬಿಗೆ ಸೇರುವುದಿಲ್ಲ. ಕಮಿಷನ್ ಆಸೆಗೆ ಯಾರೋ ಬಾಡಿಗೆಗೆ ಕೊಟ್ಟ ಖಾತೆಗೆ ಹೋಗಿ, ಅಲ್ಲಿಂದ ಮತ್ತೊಂದಕ್ಕೆ, ಮತ್ತೊಂದಕ್ಕೆ ಹರಿದು, ಕೊನೆಗೆ ಎಟಿಎಂನಲ್ಲಿ ನಗದಾಗುತ್ತದೆ. 1930ರಲ್ಲಿ ದೂರು ದಾಖಲಾದರೆ ಆ ಸರಪಳಿಯ ಬ್ಯಾಂಕುಗಳಿಗೆ ಸೂಚನೆ ಹೋಗುತ್ತದೆ, ದುಡ್ಡು ಯಾವ ಖಾತೆಯಲ್ಲಿ ಉಳಿದಿದೆಯೋ ಅಲ್ಲಿಯೇ ಅದನ್ನು ತಡೆಹಿಡಿಯಲಾಗುತ್ತದೆ. ಪೊಲೀಸರು ‘ಗೋಲ್ಡನ್ ಅವರ್’ ಎನ್ನುವುದು ಇದೇ ಮೊದಲ ಒಂದೆರಡು ಗಂಟೆಯನ್ನು. ಜೊತೆಗೇ ಬ್ಯಾಂಕಿಗೆ ಕರೆ ಮಾಡಿ ಕಾರ್ಡ್ ಮತ್ತು ನೆಟ್‌ಬ್ಯಾಂಕಿಂಗ್ ಬ್ಲಾಕ್ ಮಾಡಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಮೇಲ್ ಅಳಿಸಬೇಡಿ, ಅದು ಸಾಕ್ಷ್ಯ. ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ ತಾಣದಲ್ಲೂ ದೂರು ಕೊಡಬಹುದು. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲೇ. ಈಗ ಜಿಲ್ಲೆ ಜಿಲ್ಲೆಗಳಲ್ಲೂ ಸೈಬರ್ ಅಪರಾಧಗಳಿಗೆ ಠಾಣೆಗಳಿವೆ.

ಹೊಣೆ ಯಾರದು ಎಂಬ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಸುತ್ತೋಲೆ ಹೊರಡಿಸಿತು. ಅದರ ಪ್ರಕಾರ ಬ್ಯಾಂಕಿನ ಲೋಪದಿಂದ ದುಡ್ಡು ಹೋದರೆ ಗ್ರಾಹಕನಿಗೆ ನಷ್ಟವಿಲ್ಲ. ಇಬ್ಬರದೂ ತಪ್ಪಿಲ್ಲದೆ ಬೇರೆಲ್ಲೋ ಸೋರಿಕೆಯಾಗಿದ್ದರೆ, 3 ಕೆಲಸದ ದಿನಗಳೊಳಗೆ ತಿಳಿಸಿದವನಿಗೂ ನಷ್ಟವಿಲ್ಲ. ಗ್ರಾಹಕ ತಾನೇ ಪಾಸ್‌ವರ್ಡ್ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು. ತಿಳಿಸಿದ ನಂತರ ಹೋದ ಪ್ರತಿ ರೂಪಾಯಿ ಬ್ಯಾಂಕಿನ ಹೊಣೆ. ನಾಚಿಕೆಯಿಂದ ಸುಮ್ಮನಿದ್ದಷ್ಟೂ ನಷ್ಟ ನಮ್ಮ ಲೆಕ್ಕಕ್ಕೇ ಬೀಳುತ್ತದೆ ಎಂಬುದನ್ನು ಈ ನಿಯಮದಲ್ಲಿ ಸ್ಪಷ್ಟವಾಗಿ ಓದಬಹುದು. ಬ್ಯಾಂಕಿನ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗುವ ಹಾದಿಯಿದೆ. ಅದರ ಮಾಹಿತಿಗೆ ಸಂಖ್ಯೆ 14448.

ಬ್ಯಾಂಕುಗಳೂ ಕೇಳಿಸಿಕೊಳ್ಳಬೇಕು

2007ರ ಸೆಪ್ಟೆಂಬರ್‌ನಲ್ಲಿ ಅಬುಧಾಬಿಯಲ್ಲಿದ್ದ ಭಾರತೀಯರೊಬ್ಬರಿಗೆ ಐಸಿಐಸಿಐ ಬ್ಯಾಂಕಿನ ಹೆಸರಲ್ಲಿ ಮೇಲ್ ಬಂತು. ಕೇಳಿದ ವಿವರ ಕೊಟ್ಟರು. ಖಾತೆಯಿಂದ ಸುಮಾರು 6.46 ಲಕ್ಷ ರೂಪಾಯಿ ಹೋಯಿತು. ತಪ್ಪು ಗ್ರಾಹಕರದೇ ಎಂದು ಬ್ಯಾಂಕ್ ವಾದಿಸಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ತಮಿಳುನಾಡಿನ ನ್ಯಾಯನಿರ್ಣಯಾಧಿಕಾರಿ 2010ರ ಏಪ್ರಿಲ್‌ನಲ್ಲಿ ಆ ವಾದವನ್ನು ಒಪ್ಪದೆ, ಗ್ರಾಹಕರನ್ನು ರಕ್ಷಿಸುವಲ್ಲಿ ಬ್ಯಾಂಕ್ ಸಾಕಷ್ಟು ಎಚ್ಚರ ವಹಿಸಿಲ್ಲವೆಂದು 12.85 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿದರು. ಅದೇ ಕಾಯ್ದೆಯ 66ಡಿ ಕಲಂ ಕಂಪ್ಯೂಟರ್ ಬಳಸಿ ವೇಷ ಹಾಕಿ ವಂಚಿಸುವವರಿಗೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ.

ಗ್ರಾಹಕನಿಗೆ ‘ಲಿಂಕ್ ಒತ್ತಬೇಡಿ’ ಎಂದು ಬುದ್ಧಿ ಹೇಳುವ ಬ್ಯಾಂಕುಗಳೇ ಸಾಲ, ಕಾರ್ಡ್, ವಿಮೆ ಮಾರಲು ‘ಇಲ್ಲಿ ಒತ್ತಿ’ ಎಂಬ ಮೇಲ್‌ಗಳನ್ನು ಕಳಿಸುತ್ತವೆ. ಒಂದು ಕೈಯಿಂದ ಕಲಿಸಿದ್ದನ್ನು ಇನ್ನೊಂದು ಕೈಯಿಂದ ಅಳಿಸುವ ಕೆಲಸವಿದು. ಲಾಗಿನ್ ಪುಟಕ್ಕೆ ಒಯ್ಯುವ ಲಿಂಕನ್ನು ಬ್ಯಾಂಕುಗಳು ಮೇಲ್‌ನಿಂದ ಪೂರ್ತಿ ಕೈಬಿಡಬೇಕು. ಕರ್ನಾಟಕದ ಗ್ರಾಹಕನಿಗೆ ಖಾತೆಯ ಮುಖ್ಯ ಸೂಚನೆಗಳನ್ನು ಕನ್ನಡದಲ್ಲಿ ಬರೆಯಬೇಕು. ತನ್ನ ಬ್ಯಾಂಕ್ ತನ್ನೊಂದಿಗೆ ಹೇಗೆ ಮಾತಾಡುತ್ತದೆ ಎಂದು ಗೊತ್ತಿದ್ದವನಿಗೆ ಮಾತ್ರ ನಕಲಿ ದನಿ ಬೇರೆಯಾಗಿ ಕೇಳಿಸುತ್ತದೆ.

ಓದುಗರಲ್ಲಿ ಒಂದು ವಿನಂತಿ. ‘ಬ್ಯಾಂಕಿಂದ ಏನೋ ಮೇಲ್ ಬಂದಿದೆ ಕಣೋ, ಕೆವೈಸಿ ಮಾಡ್ಬೇಕಂತೆ, ಮಾಡ್ಲಾ?’ ಎಂದು ಊರಿನಿಂದ ಅಪ್ಪ ಫೋನ್ ಮಾಡಿದಾಗ, ‘ಮೀಟಿಂಗಲ್ಲಿದೀನಿ ಅಪ್ಪಾ’ ಎಂದು ಕತ್ತರಿಸಬೇಡಿ. ‘ಏನೂ ಒತ್ತಬೇಡಿ, ಸಂಜೆ ಇಬ್ಬರೂ ಸೇರಿ ನೋಡೋಣ’ ಎನ್ನಿ. ಕೇಳಿದ್ದಕ್ಕೆ ಬೈಸಿಕೊಂಡವರು ಮುಂದಿನ ಸಲ ಕೇಳುವುದಿಲ್ಲ, ಒತ್ತಿಬಿಡುತ್ತಾರೆ. ಈ ಭಾನುವಾರ ಮನೆಯ ಹಿರಿಯರ ಪಕ್ಕ ಕೂತು ಅವರ ಫೋನಿನಲ್ಲಿ 1930 ಸಂಖ್ಯೆಯನ್ನು ಸೇವ್ ಮಾಡಿಕೊಡಿ, ಬ್ಯಾಂಕಿನ ಆ್ಯಪ್ ಎಲ್ಲಿದೆ ತೋರಿಸಿ, ಒಟಿಪಿಯ ಎಸ್‌ಎಂಎಸ್ಸನ್ನು ಪೂರ್ತಿ ಓದುವುದನ್ನು ಅಭ್ಯಾಸ ಮಾಡಿಸಿ. ಕೊನೆಗೆ ಇಷ್ಟು ಹೇಳಿ: ಎಂದಾದರೂ ತಪ್ಪಿ ಒತ್ತಿಬಿಟ್ಟರೆ 1930ಕ್ಕೆ ಫೋನ್ ಮಾಡಿದ ಕೂಡಲೇ ನನಗೂ ಮಾಡಿ, ನಾನು ಬೈಯುವುದಿಲ್ಲ.